ಸಹಿ ಹಾಕದ ಗ್ಯಾಸ್ ಮೇಸ್ತ್ರಿ

ಮೊನ್ನೆ ಹರಿಹರಕ್ಕೆ ಹೋಗಿ ನಮ್ಮ ಮೇಸ್ತ್ರಿಯವರ ಶಿವಗಣಾರಾಧನೆ ಮುಗಿಸಿಕೊಂಡು ಬಂದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅವರ ಸಂಬಂಧಿಕರೊಬ್ಬರು, "ಬಾಳ ಹಟಮಾರಿ ಮನುಷ್ಯ ಬಿಡ್ರಿ. ಹಿಡಿದಿದ್ದು ಬಿಟ್ಟೋನಲ್ಲ" ಎಂದರು. ಬಡಿಸುತ್ತಿದ್ದ ಹೆಂಗಸು, "ಅದ್ಕೇ ಅಲ್ಲೇನ್ರಿ ಇಷ್ಟು ಮಂದಿ ಬಂದಿರೋದು" ಎಂದು ಪಾಯಸ ಹಾಕಿ ಮುಂದೆ ಹೋದರು. ಅವರ ಹಟ ಎಂಥದೆಂದು ಆ ಪಂಕ್ತಿಯಲ್ಲಿ ಕೂತವರಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇದ್ದಿರಲಾರರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಕಾರ್ಖಾನೆಯವರು ಸುರಕ್ಷತೆಯ ನಿಯಮಗಳ ಬೋರ್ಡು ಬರೆಸಿ, ಕೆಳಗೆ ಅವರ ಹೆಸರು ಹಾಕಿಸಲು ಹೊರಟಾಗ ಅವರು ಬೇಡವೆಂದಿದ್ದರು. "ಹೆಸರು ಹಾಕಿದ್ರೆ ಮಂದಿ ಹೆಸರು ನೋಡ್ತಾರೆ. ಬರ್ದಿದ್ದು ಓದಂಗಿಲ್ಲ." ನಮಗೆಲ್ಲ ಅವರು ಮೇಸ್ತ್ರಿ, ಗ್ಯಾಸ್ ಮೇಸ್ತ್ರಿ. ಅಷ್ಟು ಸಾಕು.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷಗಳಾಗಿದ್ದವು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯ ಬದಿಗೆ ವನಸ್ಪತಿ ತಯಾರಿಸುವ ಕಾರ್ಖಾನೆಯೊಂದಿತ್ತು, ಈಗ ಅದಿಲ್ಲ. ಸುತ್ತಲಿನ ಗಾಣಗಳ ಶೇಂಗಾ ಎಣ್ಣೆ ಅಲ್ಲಿಗೆ ಬರುತ್ತಿತ್ತು. ಎಣ್ಣೆಯನ್ನು ಮುಚ್ಚಿದ ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸಿ, ನಿಕ್ಕಲ್ ಪುಡಿ ಬೆರೆಸಿ, ಹೈಡ್ರೋಜನ್ ಹಾಯಿಸಿದರೆ ಅದು ಆರಿದ ಮೇಲೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಆ ಹೈಡ್ರೋಜನ್ನನ್ನು ನಾವೇ ನೀರಿಗೆ ವಿದ್ಯುತ್ ಹಾಯಿಸಿ ಬಿಡಿಸುತ್ತಿದ್ದೆವು. ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ, ಮನೆಯೆತ್ತರದ ಕಬ್ಬಿಣದ ಹಂಡೆಯಂಥದ್ದರಲ್ಲಿ ಅದನ್ನು ತುಂಬಿಸಿಟ್ಟು, ಅಲ್ಲಿಂದ ಕೊಳವೆಗಳಲ್ಲಿ ಪಾತ್ರೆಗಳಿಗೆ ಬಿಡುವುದು ಗ್ಯಾಸ್ ಮನೆಯವರ ಕೆಲಸ. ಮೇಸ್ತ್ರಿ ಆ ಮನೆಯ ಯಜಮಾನರು. ಮಾಯಕೊಂಡದ ಒಕ್ಕಲು ಮನೆತನದವರು, ಓದಿದ್ದು ನಾಲ್ಕನೇ ಇಯತ್ತೆ. ಹತ್ತಿ ಗಿರಣಿಯ ಬಾಯ್ಲರಿನಲ್ಲಿ ಕಲ್ಲಿದ್ದಲು ಸುರಿದು, ಆಮೇಲೆ ಮುಂಬಯಿಯ ಕಡೆ ಗ್ಯಾಸಿನ ಕೆಲಸ ಕಲಿತು ಬಂದವರು.

ನಾನು ಬಿ.ಎಸ್ಸಿ. ಮುಗಿಸಿ ಕೆಮಿಸ್ಟ್ ಆಗಿ ಸೇರಿದ ಮೊದಲ ದಿನವೇ ಅವರೊಂದಿಗೆ ಜಗಳವಾಯಿತು. ಹೊಸ ಕೆಲಸಕ್ಕೆಂದು ಹೊಸ ಬೂಟು ಕೊಂಡು, ಬೇಗ ಸವೆಯದಿರಲೆಂದು ಅಡಿಗೆ ಮೊಳೆ ಹೊಡೆಸಿದ್ದೆ. ಗ್ಯಾಸ್ ಮನೆಯ ಬಾಗಿಲಲ್ಲಿ, ಹಣೆಗೆ ವಿಭೂತಿ ಹಚ್ಚಿದ, ಕುಳ್ಳನೆಯ ಗಟ್ಟಿ ಆಳೊಬ್ಬರು ಕೈ ಅಡ್ಡ ಹಿಡಿದರು.

"ಬೂಟು ಬಿಚ್ಚಿ ಬರ್ರಿ."

"ನಾನು ಹೊಸ ಕೆಮಿಸ್ಟ್."

"ನೀವು ಕೆಮಿಸ್ಟ್ ಅನ್ನೋದು ನನಗೆ ಗೊತ್ತೈತ್ರಿ. ನಿಮ್ಮ ಬೂಟಿನ ಮೊಳೆಗೆ ಗೊತ್ತಿಲ್ಲ. ಅದು ಕಲ್ಲಿಗೆ ತಾಗಿ ಒಂದು ಕಿಡಿ ಹಾರ್ತು ಅಂದ್ರೆ ನಾವಿಬ್ರೂ ತುಂಗಭದ್ರೆ ದಾಟಿ ಬೀಳ್ತೀವಿ."

ನಾನು ಬರಿಗಾಲಲ್ಲಿ ಒಳಗೆ ಹೋದೆ. ಬಾಗಿಲ ಪಕ್ಕದ ಗೂಡಿನಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣಗಳ ಜೊತೆ ಬೆಳ್ಳಿಯ ಬಣ್ಣದ ಲೈಟರ್ ಒಂದಿತ್ತು. ಯಾರದೆಂದು ಕೇಳಿದೆ. "ಮ್ಯಾನೇಜರ್ ಸಾಹೇಬ್ರದು. ಒಳಗೆ ಅದಾರೆ" ಎಂದರು, ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ.

ಅವರ ಕೈಯಲ್ಲಿ ಯಾವಾಗಲೂ ಒಂದು ಕಸಬರಿಗೆ. ಹೈಡ್ರೋಜನ್ ಹೊತ್ತಿಕೊಂಡರೆ ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ, ಹೊಗೆಯಿಲ್ಲ, ಬಣ್ಣವಿಲ್ಲ. ಕೊಳವೆಯ ಬೆಸುಗೆಯಲ್ಲೆಲ್ಲೋ ಸೋರಿ ಉರಿಯುತ್ತಿದ್ದರೆ ಅದರೊಳಗೆ ನಡೆದುಹೋದ ಮೇಲೇ ಗೊತ್ತಾಗುವುದು. ಅದಕ್ಕೆ ಮೇಸ್ತ್ರಿ ಬೆಳಿಗ್ಗೆ ಬಂದವರೇ ಕಸಬರಿಗೆಯ ಕಡ್ಡಿಗಳನ್ನು ಮುಂದೆ ಚಾಚಿ ಕೊಳವೆಯುದ್ದಕ್ಕೂ ನಡೆಯುತ್ತಿದ್ದರು. ಕಡ್ಡಿ ತಾನೇ ಹೊತ್ತಿದರೆ ಅಲ್ಲಿ ಬೆಂಕಿಯಿದೆ ಎಂದರ್ಥ. ಎಣ್ಣೆ ವಿಭಾಗದ ಹುಡುಗರು ಹಿಂದಿನಿಂದ, "ಮೇಸ್ತ್ರಿ, ನಮ್ಮ ಕಡೀನೂ ಒಂದೀಟು ಗುಡಿಸ್ರಿ" ಎಂದು ಕೂಗುತ್ತಿದ್ದರು. ಅವರು ತಿರುಗಿಯೂ ನೋಡುತ್ತಿರಲಿಲ್ಲ. ಎಡಗಿವಿ ಸ್ವಲ್ಪ ಮಂದವಾಗಿತ್ತು. ಬೇಡದ ಮಾತುಗಳನ್ನೆಲ್ಲ ಆ ಕಿವಿಯಲ್ಲೇ ಕೇಳಿಸಿಕೊಳ್ಳುತ್ತಾರೆ ಎಂದು ನಾವು ಹೇಳುತ್ತಿದ್ದೆವು.

ಇನ್ನೊಂದು ಅಭ್ಯಾಸ: ಯಾವುದೇ ವಾಲ್ವ್ ಮುಟ್ಟುವ ಮೊದಲು ಅದರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. "ಎರಡನೇ ಪಾತ್ರೆ, ಕಾರ್ಬನ್ ಗ್ಯಾಸು, ಬಿಡ್ತಾ ಇದೀನಿ" ಎಂದು ಹೇಳಿ, ಒಂದು ಉಸಿರು ನಿಂತು, ಆಮೇಲೆ ತಿರುಗಿಸಬೇಕು. "ಕೈ ಹೋಗೋಕೆ ಮುಂಚೆ ಬಾಯಿ ಹೋಗ್ಬೇಕು. ಬಾಯಿ ತಪ್ಪಿದ್ರೆ ಪಕ್ಕದೋನು ತಿದ್ತಾನೆ, ಕೈ ತಪ್ಪಿದ್ರೆ ತಿದ್ದೋನು ಉಳಿಯಂಗಿಲ್ಲ."

ಒಂದು ಭಾನುವಾರ ನನ್ನನ್ನು ದಾವಣಗೆರೆಯ ಮಂಡಿಪೇಟೆಗೆ ಕರೆದುಕೊಂಡು ಹೋದರು. ಕಬ್ಬಿಣದ ಸುತ್ತಿಗೆ ಕಿಡಿ ಹಾರಿಸುತ್ತದೆಂದು ಹಿತ್ತಾಳೆಯದು ಬೇಕಾಗಿತ್ತು. ಪಾತ್ರೆ ಅಂಗಡಿಯ ಸಾಹುಕಾರರು ನಕ್ಕರು. "ಹಿತ್ತಾಳೆ ಸುತ್ತಿಗೆ ಮಾಡಿಸಿ ಏನ್ ಮಾಡ್ತೀರ್ರಿ? ಒಂದ್ ಏಟಿಗೆ ಚಪ್ಪಟಿ ಆಗ್ತೈತೆ."

"ಆಗ್ಲಿ ಬಿಡ್ರಿ. ಸುತ್ತಿಗೆ ಚಪ್ಪಟಿ ಆದ್ರೆ ನಿಮ್ಮತ್ರ ಬರ್ತೀನಿ. ನಾ ಚಪ್ಪಟಿ ಆದ್ರೆ ಎಲ್ಲಿಗೆ ಹೋಗ್ಲಿ?" ಎಂದು ಅಲ್ಲೇ ಗದ್ದುಗೆಯ ಮೇಲೆ ಕೂತುಬಿಟ್ಟರು. ಸಾಹುಕಾರರು ಮಾಡಿಸಿಕೊಡುವುದಾಗಿ ಒಪ್ಪುವವರೆಗೆ ಏಳಲಿಲ್ಲ. ಒಮ್ಮೆ ಮೇಸ್ತ್ರಿಯ ಮನೆಗೆ ಹೋದಾಗ ಅವರ ಹೆಂಡತಿ ನನಗೆ ಹೇಳಿದ್ದರು: "ಒಲಿ ಹಚ್ಚೋಕೂ ನನ್ನತ್ರ ಚೀಟಿ ಕೇಳ್ತಾರೆ ನೋಡ್ರಿ ನಮ್ಮ ಯಜಮಾನ್ರು."

ಚೀಟಿಯ ವಿಷಯಕ್ಕೆ ಬರಬೇಕು. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ತೊಳೆಯಲೆಂದು ತೆರೆದ ಪಾತ್ರೆಯೊಳಗೆ ಗಾಳಿ ತುಂಬಿಕೊಳ್ಳುತ್ತದೆ. ಗಾಳಿಯಿರುವಾಗ ಹೈಡ್ರೋಜನ್ ಬಿಟ್ಟರೆ ಅದು ಮದ್ದಿನ ಗುಂಡೇ. ಆದ್ದರಿಂದ ಮೊದಲು ಕಾರ್ಬನ್ ಗ್ಯಾಸ್, ಎಂದರೆ ಉರಿಯದ ಇಂಗಾಲದ ಡೈಆಕ್ಸೈಡ್, ಬಿಟ್ಟು ಗಾಳಿಯನ್ನು ಹೊರದಬ್ಬಬೇಕು. ಕೆಮಿಸ್ಟ್ ಒಳಗಿನದನ್ನು ಗಾಜಿನ ನಳಿಗೆಯಲ್ಲಿ ಹಿಡಿದು ಪರೀಕ್ಷೆ ಮಾಡಿ, ಗಾಳಿ ಉಳಿದಿಲ್ಲವೆಂದು ಚೀಟಿ ಬರೆದು ಸಹಿ ಹಾಕಬೇಕು. ಅಲ್ಲಿಯವರೆಗೆ ಹೈಡ್ರೋಜನ್ ಕೊಳವೆಯ ಜೋಡಣೆಯ ನಡುವೆ ದಪ್ಪ ಕಬ್ಬಿಣದ ಬಿಲ್ಲೆಯೊಂದನ್ನು ಸಿಕ್ಕಿಸಿಟ್ಟಿರುತ್ತಿದ್ದರು. ಅದಕ್ಕೆ ಡಮ್ಮಿ ಎನ್ನುತ್ತಿದ್ದರು. ಡಮ್ಮಿ ಇರುವವರೆಗೆ ಯಾರು ಯಾವ ವಾಲ್ವ್ ತಿರುಗಿಸಿದರೂ ಹೈಡ್ರೋಜನ್ ಒಳಗೆ ಹೋಗುವಂತಿಲ್ಲ. ಚೀಟಿ ಕೈಗೆ ಬರದೆ ಡಮ್ಮಿ ತೆಗೆಯಬಾರದು. ಇದು ಮೇಸ್ತ್ರಿ ಮಾಡಿದ ನಿಯಮ.

ದೀಪಾವಳಿಗೆ ಮುಂಚಿನ ವಾರ. ಎರಡನೇ ಪಾತ್ರೆಯನ್ನು ತೊಳೆದಿದ್ದರು. ಕಾರ್ಖಾನೆಯ ಮಾಲೀಕರು ಬರುತ್ತಾರೆಂದು ಮೇಲಿನ ಅಟ್ಟದ ಕೊಳವೆಗಳಿಗೆಲ್ಲ ಬೆಳ್ಳಿ ಬಣ್ಣ ಹಚ್ಚಿಸಿದ್ದರು. ಅಟ್ಟದ ಮೇಲೆ ಹೈಡ್ರೋಜನ್ನಿನದೂ ಕಾರ್ಬನ್ ಗ್ಯಾಸಿನದೂ ಎರಡು ವಾಲ್ವುಗಳು ಅಕ್ಕಪಕ್ಕ, ಒಂದೇ ಅಳತೆಯ ಚಕ್ರಗಳು. ಗುರುತಿಗೆಂದು ಮೇಸ್ತ್ರಿ ಹೈಡ್ರೋಜನ್ ಚಕ್ರಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ಬಣ್ಣ ಹಚ್ಚುವವರು ಅದನ್ನು ಬಿಚ್ಚಿ ಎಸೆದಿದ್ದರು. ಮೇಸ್ತ್ರಿ ಅಕ್ಕನ ಮಗಳ ಮದುವೆಗೆಂದು ಮಾಯಕೊಂಡಕ್ಕೆ ಹೋಗಿದ್ದರು.

ಬೆಳಿಗ್ಗೆಯಿಂದ ಆಫೀಸಿನ ಫೋನ್ ನಿಲ್ಲಲಿಲ್ಲ. ಪಾತ್ರೆ ಯಾವಾಗ ಶುರು? ಹಬ್ಬದ ಮಾಲು ಯಾವಾಗ? ಫಿಟ್ಟರ್ ಬಂದು, "ಡಮ್ಮಿ ಬಿಚ್ಚೋಕೆ ಅರ್ಧ ತಾಸು ಬೇಕ್ರಿ. ಚೀಟಿ ಈಗ್ಲೇ ಕೊಟ್ರೆ ನಾನು ಬಿಚ್ಚಿಟ್ಟಿರ್ತೀನಿ, ಅಷ್ಟ್ರಾಗೆ ನೀವು ಪರೀಕ್ಷೆ ಮಾಡ್ಕೊಳ್ರಿ" ಎಂದ. ಹೇಗೂ ಪರೀಕ್ಷೆ ಮಾಡಿಯೇ ಮಾಡುತ್ತೇನಲ್ಲ ಎಂದುಕೊಂಡೆ. ಕೆಳಗಿನ ಕೋಣೆಯ ಮೇಜಿನ ಮೇಲೆ, ಪಾತ್ರೆಯ ಹತ್ತಿರಕ್ಕೂ ಹೋಗದೆ, 'ಪರೀಕ್ಷಿಸಲಾಗಿದೆ' ಎಂದು ಬರೆದು ಸಹಿ ಹಾಕಿಕೊಟ್ಟೆ. ಕಾರ್ಬನ್ ಗ್ಯಾಸ್ ಬಿಡುವ ಮೊದಲೇ ಫಿಟ್ಟರ್ ಡಮ್ಮಿ ಬಿಚ್ಚಿಬಿಟ್ಟಿದ್ದ.

ಅಟ್ಟದ ಮೇಲೆ ಇದ್ದವನು ಹಾಲೇಶ. ಕುಕ್ಕುವಾಡದವನು, ಮೂವತ್ತರ ಆಸುಪಾಸು, ಎರಡು ಮಕ್ಕಳ ತಂದೆ. "ಕಾರ್ಬನ್ ಗ್ಯಾಸ್ ಬಿಡೋ, ಬೇಗ" ಎಂದು ನಾನು ಕೆಳಗಿನಿಂದ ಕೂಗಿದೆ. ಅವನು ಮೇಸ್ತ್ರಿ ಕಲಿಸಿದಂತೆ ಹೆಸರು ಹೇಳಿಯೇ ಹೇಳಿದ, ನನಗೆ ಕೇಳಿಸಿತು. ಬಾಯಿ ಸರಿಯಾಗಿಯೇ ಹೇಳಿತು. ಕೈ ಪಕ್ಕದ ಚಕ್ರಕ್ಕೆ ಹೋಯಿತು.

ತೊಳೆದ ಮೇಲೂ ಪಾತ್ರೆಯ ಗೋಡೆಗೆ ಅಂಟಿ ಒಣಗಿದ್ದ ನಿಕ್ಕಲ್ ಪುಡಿಯೇ ಕಿಡಿಯ ಕೆಲಸ ಮಾಡಿತು. ಗುಡುಗು ನೆಲದೊಳಗಿಂದ ಬಂದಂತಾಯಿತು. ಕಿಟಕಿಯ ಗಾಜುಗಳು ನನ್ನ ಮೇಜಿನ ಮೇಲೆ ಬಿದ್ದವು. ಹೊರಗೋಡಿ ನೋಡಿದರೆ ಹಾಲೇಶ ಅಟ್ಟದ ಮೇಲೆ ನಿಂತೇ ಇದ್ದ. ಚಕ್ರದ ಪಕ್ಕದ ಜೋಡಣೆ ಬಿರಿದು ಅಲ್ಲಿ ಹೈಡ್ರೋಜನ್ ಉರಿಯುತ್ತಿತ್ತು. ನನಗಾಗಲಿ ಅವನಿಗಾಗಲಿ ಅದು ಕಾಣುತ್ತಿರಲಿಲ್ಲ. ಏಣಿ ಅವನ ಬೆನ್ನ ಹಿಂದೆಯೇ ಇತ್ತು. ಅವನು ಇಳಿದು ಓಡಲಿಲ್ಲ, ಮತ್ತೆ ಚಕ್ರಕ್ಕೆ ಕೈ ಹಾಕಿದ. ಅಂಗಿಯ ತೋಳು ಹೊತ್ತಿಕೊಂಡಿತು. ಕಿರುಚುತ್ತಲೇ ಚಕ್ರವನ್ನು ಪೂರ್ತಿ ಮುಚ್ಚಿ ಆಮೇಲೆ ಬಿದ್ದ.

ಸುದ್ದಿ ತಿಳಿದು ಮೇಸ್ತ್ರಿ ಮದುವೆಯ ಊಟ ಬಿಟ್ಟು, ಸಿಕ್ಕ ಲಾರಿ ಹತ್ತಿ, ರೇಷ್ಮೆ ರುಮಾಲಿನಲ್ಲೇ ದಾವಣಗೆರೆಯ ಆಸ್ಪತ್ರೆಗೆ ಬಂದರು. ಹಾಲೇಶನ ಬಲಗೈ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಕೆನ್ನೆಯ ಒಂದು ಭಾಗವೂ ಸುಟ್ಟಿತ್ತು. "ಮೇಸ್ತ್ರೀ, ತಪ್ಪು ಮಾಡಿಬಿಟ್ಟೆ" ಎಂದು ಅವನು ಅಳತೊಡಗಿದ.

"ತಪ್ಪಿನ ಮಾತು ಆಮೇಲೆ. ಗಂಜಿ ಕುಡಿ ಮೊದ್ಲು" ಎಂದು ಚಮಚ ಹಿಡಿದರು. ಅರ್ಧ ಲೋಟ ಕುಡಿಸಿದ ಮೇಲೆ ನನ್ನತ್ತ ತಿರುಗಿ, "ಡಮ್ಮಿ ಇತ್ತಲ್ರಿ? ಹೆಂಗೆ ಒಳಗೆ ಹೋತು?" ಎಂದು ಕೇಳಿದರು. ನಾನು, ತೆಗೆದಿದ್ದರು ಎಂದೆ. ಯಾರ ಮಾತಿನ ಮೇಲೆ ತೆಗೆದರೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಾಲ್ಕನೆಯ ದಿನ ಮ್ಯಾನೇಜರರ ಕೋಣೆಯಲ್ಲಿ ವಿಚಾರಣೆ. ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರು ಬಂದಿದ್ದರು. ವರದಿ ಆಗಲೇ ಟೈಪಾಗಿತ್ತು, ಇಂಗ್ಲಿಷಿನಲ್ಲಿ. ಸಾರಾಂಶವಿಷ್ಟೇ: ಆಪರೇಟರನ ಅಜಾಗರೂಕತೆ. ಅದಕ್ಕೆ ಸಹಿ ಬಿದ್ದರೆ ಹಾಲೇಶನ ಕೆಲಸ ಹೋಗುತ್ತಿತ್ತು, ಅದರ ಜೊತೆಗೆ ಔಷಧೋಪಚಾರವೂ ನಿಲ್ಲುತ್ತಿತ್ತು. ಮ್ಯಾನೇಜರರು ಪೆನ್ನನ್ನು ಮೇಸ್ತ್ರಿಯ ಮುಂದಿಟ್ಟರು.

"ಇದ್ರಾಗೆ ಏನು ಬರ್ದೈತೆ ಅಂತ ನನಗೆ ಓದಕ್ಕೆ ಬರಂಗಿಲ್ರಿ. ಕೆಮಿಸ್ಟ್ ಸಾಹೇಬ್ರೆ, ಕನ್ನಡದಾಗೆ ಹೇಳ್ರಿ" ಎಂದರು ಮೇಸ್ತ್ರಿ.

ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದೆ. 'ಪರೀಕ್ಷೆಯ ನಂತರ ನಿಯಮದಂತೆ ಡಮ್ಮಿ ತೆಗೆಯಲಾಗಿತ್ತು' ಎಂಬ ಸಾಲು ಬಂತು. ಅದನ್ನೂ ಹೇಳಿದೆ.

"ಪರೀಕ್ಷೆ ಆದಮ್ಯಾಲೆ ಅಂತ ಬರ್ದೈತೇನ್ರಿ?"

"ಹೌದು."

ಅವರು ನನ್ನ ಮುಖ ನೋಡಿದರು. ಆಮೇಲೆ ಪೆನ್ನನ್ನು ಮೆಲ್ಲಗೆ ಮ್ಯಾನೇಜರರ ಕಡೆಗೆ ಸರಿಸಿದರು. "ಹಾಲೇಶ ತಪ್ಪು ಚಕ್ರ ತಿರುವ್ಯಾನೆ. ಅದು ಸುಳ್ಳಲ್ಲ. ಆದ್ರೆ ಇದ್ರಾಗೆ ಪೂರಾ ಇಲ್ಲ. ಪೂರಾ ಬರೀರಿ, ಸಹಿ ಮಾಡ್ತೀನಿ."

"ಪೂರಾ ಅಂದ್ರೆ?" ಮ್ಯಾನೇಜರರ ದನಿ ಏರಿತು.

"ಮೊದಲನೇ ತಪ್ಪು ನಂದು. ಅದನ್ನ ಮೇಲೆ ಬರೀರಿ. ಎರಡೂ ಚಕ್ರ ಒಂದೇ ನಮೂನಿ ಇದಾವೆ ಅಂತ ನನಗೆ ಮೂರು ವರ್ಷದಿಂದ ಗೊತ್ತಿತ್ತು. ಬಟ್ಟಿ ಕಟ್ಟಿ ಸುಮ್ನಾದೆ. ಬಣ್ಣ ಹಚ್ಚೋನು ಬಿಚ್ಚಿ ಒಗದ. ಯಾರು ಬೇಕಾದ್ರೂ ಬಿಚ್ಚೋ ಗುರುತು ಗುರುತಲ್ಲ. ಬರ್ರಿ ಸಾಹೇಬ್ರೆ, ತೋರಿಸ್ತೀನಿ" ಎಂದು ಇನ್‌ಸ್ಪೆಕ್ಟರನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ನಾವೂ ಹಿಂದೆ ಹೋದೆವು.

ಅಟ್ಟದ ಮೇಲೆ, ಮಸಿ ಹಿಡಿದ ಆ ಎರಡು ಚಕ್ರಗಳ ಮುಂದೆ ಇನ್‌ಸ್ಪೆಕ್ಟರನ್ನು ನಿಲ್ಲಿಸಿ, "ಕೊಳವಿಯೊಳಗೆ ಏನೂ ಇಲ್ರಿ, ಹೆದ್ರಬ್ಯಾಡ್ರಿ. ಕಾರ್ಬನ್ ಗ್ಯಾಸ್ ಬಿಡ್ರಿ, ಬೇಗ ಬಿಡ್ರಿ" ಎಂದರು. ಇನ್‌ಸ್ಪೆಕ್ಟರ್ ಕೈಯೆತ್ತಿದರು. ಕೈ ಎರಡು ಚಕ್ರಗಳ ನಡುವೆ ಗಾಳಿಯಲ್ಲಿ ನಿಂತಿತು. ಕೊಳವೆಗಳು ಎಲ್ಲಿಂದ ಬರುತ್ತವೆಂದು ತಲೆಯೆತ್ತಿ ಹುಡುಕಿದರು. ಎಲ್ಲವೂ ಬೆಳ್ಳಿ ಬಣ್ಣ.

"ನೀವು ನಿಂತು ನೋಡ್ತಾ ಇದೀರಿ, ನಿಮಗೆ ಟೈಮ್ ಐತೆ" ಎಂದರು ಮೇಸ್ತ್ರಿ. "ಹಾಲೇಶನಿಗೆ ನಾವು ಟೈಮ್ ಕೊಟ್ಟಿರಲಿಲ್ಲ. ಇನ್ನೊಂದು ಮಾತು. ಅವ ಬಿಟ್ಟು ಓಡಿದ್ರೆ ಅವನ ಕೈ ಉಳೀತಿತ್ತು. ಈ ಫ್ಯಾಕ್ಟ್ರಿ ಉಳೀತಿರಲಿಲ್ಲ. ಅದನ್ನೂ ಬರೀರಿ."

ಇನ್‌ಸ್ಪೆಕ್ಟರ್ ಜೇಬಿನಿಂದ ಪುಸ್ತಕ ತೆಗೆದರು. ನಾನು ಯಾಕೆ ಆ ಕ್ಷಣದಲ್ಲೇ ಬಾಯಿಬಿಟ್ಟೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಇನ್ನೂ ಒಂದು ಗಳಿಗೆ ಕಳೆದಿದ್ದರೆ ಬಿಡುತ್ತಿರಲಿಲ್ಲವೇನೋ. ತಮ್ಮ ತಪ್ಪನ್ನು ಮೊದಲು ಬರೆಸಿದ ಮನುಷ್ಯ ನನ್ನ ಪಕ್ಕದಲ್ಲೇ ನಿಂತಿದ್ದರು. "ಪರೀಕ್ಷೆ ಮಾಡಿರಲಿಲ್ಲ ಸರ್. ಚೀಟಿಗೆ ನಾನು ಮೊದಲೇ ಸಹಿ ಹಾಕಿ ಕೊಟ್ಟಿದ್ದೆ" ಎಂದೆ. ಮ್ಯಾನೇಜರರು ನನ್ನನ್ನು ಕೊಂದುಹಾಕುವಂತೆ ನೋಡಿದರು. ಮೇಸ್ತ್ರಿ ನೋಡಲೂ ಇಲ್ಲ. ಕೆಳಗಿಳಿಯುವಾಗ ಮಾತ್ರ, "ಏಣಿ ಹುಷಾರು, ಎಣ್ಣಿ ಐತೆ" ಎಂದರು.

ವರದಿ ಬದಲಾಯಿತು. ಮೂವರ ಹೆಸರೂ ಅದರಲ್ಲಿತ್ತು. ಅವಸರ ಮಾಡಿದ ಆಫೀಸಿನ ಹೆಸರೂ ಒಂದು ಸಾಲಿನಲ್ಲಿ ಬಂತು. ಹಾಲೇಶನ ಕೆಲಸ ಉಳಿಯಿತು. ನನ್ನನ್ನು ಕಾಯಂ ಮಾಡುವುದನ್ನು ಒಂದು ವರ್ಷ ಮುಂದೂಡಿದರು. ಆದರೆ ಮೇಸ್ತ್ರಿ ಅಷ್ಟಕ್ಕೆ ಮುಗಿಸಲಿಲ್ಲ. ಹೈಡ್ರೋಜನ್ನಿನ ದೊಡ್ಡ ವಾಲ್ವಿಗೆ ಸರಪಳಿ ಬಿಗಿದು ಬೀಗ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಗ್ಯಾಸ್ ಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತರು. ಚಕ್ರಗಳನ್ನು ಬೇರೆ ಮಾಡುವವರೆಗೆ ಒಂದು ಪಾತ್ರೆಗೂ ಗ್ಯಾಸ್ ಇಲ್ಲ. ದೀಪಾವಳಿ ಬಂತು, ಹೋಯಿತು. ಮಂಡಿಪೇಟೆಯ ವರ್ತಕರು ಬಂದು ಗೇಟಿನ ಮುಂದೆ ಕೂಗಾಡಿದರು.

"ಕೆಲಸದಿಂದ ತೆಗೀತೀನಿ" ಎಂದರು ಮ್ಯಾನೇಜರರು.

"ತೆಗೀರಿ. ಕೀಲಿಕೈ ಇನ್‌ಸ್ಪೆಕ್ಟರ್ ಸಾಹೇಬ್ರ ಕೈಗೆ ಕೊಟ್ಟು, ಯಾಕ ಕೊಟ್ಟೆ ಅಂತನೂ ಹೇಳಿ ಊರಿಗೆ ಹೋಗ್ತೀನಿ. ಹೊಲ ಐತೆ."

ಹನ್ನೊಂದನೆಯ ದಿನ ವರ್ಕ್‌ಶಾಪಿನವರು ಅಟ್ಟ ಹತ್ತಿದರು. ಹೈಡ್ರೋಜನ್ ವಾಲ್ವನ್ನು ಅಟ್ಟದ ಇನ್ನೊಂದು ತುದಿಗೆ ಸರಿಸಿದರು. ಅಲ್ಲಿಗೆ ಹೋಗಲು ಆರು ಹೆಜ್ಜೆ ನಡೆಯಬೇಕು. ಕಾರ್ಬನ್ ಗ್ಯಾಸಿಗೆ ಚಕ್ರ ತೆಗೆದು ಉದ್ದ ಹಿಡಿಕೆ ಹಾಕಿದರು. "ಈಗ ಕಣ್ಣು ಮುಚ್ಚಿದ್ರೂ ಕೈಗೆ ಗೊತ್ತಾಗ್ತೈತೆ" ಎಂದು ಮೇಸ್ತ್ರಿ ಬೀಗ ತೆಗೆದರು.

ಯುಗಾದಿ ಕಳೆದ ಮೇಲೆ ಹಾಲೇಶ ಕೆಲಸಕ್ಕೆ ಬಂದ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅವನನ್ನು ಗೇಟಿನಲ್ಲಿ ಕೂಡಿಸುವುದೆಂದು ಆಫೀಸು ತೀರ್ಮಾನಿಸಿತ್ತು. ಹಾಲೇಶನಿಗೂ ಅದೇ ಬೇಕಾಗಿತ್ತು. ಅಟ್ಟದ ಹೆಸರೆತ್ತಿದರೆ ಅವನು ಬೆವರುತ್ತಿದ್ದ. ಮೇಸ್ತ್ರಿ ಮಾತ್ರ ಒಪ್ಪಲಿಲ್ಲ. "ಗೇಟಿನಾಗೆ ಕೂಡಿಸಿದ್ರೆ ಸಾಯೋತನಕ ಅವನು ತಪ್ಪು ಮಾಡಿದೋನೇ. ಹೋಗೋರು ಬರೋರೆಲ್ಲ ಅದನ್ನೇ ಹೇಳ್ತಾರೆ. ನನ್ನ ಆಳು ನನಗೆ ಕೊಡ್ರಿ."

ಮತ್ತೆ ಎರಡನೇ ಪಾತ್ರೆಯನ್ನು ತೊಳೆದ ದಿನ ಅವನನ್ನೇ ಅಟ್ಟ ಹತ್ತಿಸಿದರು. ಕಾರ್ಬನ್ ಗ್ಯಾಸ್ ಹಾಯಿತು. ನಾನು ಮೂರು ಸಲ ಪರೀಕ್ಷೆ ಮಾಡಿದೆ. ಡಮ್ಮಿ ಬಿಚ್ಚಿದರು. ಇನ್ನು ಹೈಡ್ರೋಜನ್ ಬಿಡಬೇಕು. ಹಾಲೇಶ ಆ ತುದಿಗೆ ನಡೆದುಹೋಗಿ ನಿಂತ. ಕೈ ಮೇಲೇಳಲಿಲ್ಲ.

"ಮೇಸ್ತ್ರಿ, ನನ್ನ ಕೈಲಿ ಆಗಂಗಿಲ್ಲ. ನೀವೇ ಬಿಡ್ರಿ."

"ನಾ ಬಿಡಂಗಿಲ್ಲಪ್ಪ. ಇಲ್ಲೇ ನಿಂತಿರ್ತೀನಿ" ಎಂದು ಮೇಸ್ತ್ರಿ ಹೋಗಿ ಅವನಿಗೆ ಭುಜ ತಾಗುವಷ್ಟು ಹತ್ತಿರ, ಹೊಸ ಜೋಡಣೆಗೆ ಎದುರಾಗಿ ನಿಂತರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಏನಾದರೂ ಆದರೆ ಮೊದಲು ಸುಡುವುದು ಅವರ ಮುಖವೇ. ಹಾಲೇಶನಿಗೆ ಅದು ಅರ್ಥವಾಯಿತು. ಅವನು ಮೂರು ಬೆರಳುಗಳಿಂದಲೇ ಚಕ್ರವನ್ನು ಹಿಡಿದು ಕಾಲು ಸುತ್ತು ತಿರುಗಿಸಿದ. ಒತ್ತಡ ತೋರಿಸುವ ಮುಳ್ಳು ಅಲುಗಿತು, ನಿಧಾನವಾಗಿ ಏರಿತು, ನಿಲ್ಲಬೇಕಾದಲ್ಲಿ ನಿಂತಿತು. ಕೊಳವೆಯೊಳಗೆ ಸಣ್ಣ ಸುಯ್ಯೆನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಹಾಲೇಶ ಕೆಳಗಿಳಿದು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಮೇಸ್ತ್ರಿ ಅವನ ಹಿಂದೆಯೇ ಇಳಿದರು. ನನ್ನ ಹತ್ತಿರ ಬಂದು, "ಅವ ಇವತ್ತು ಮಾಡೋದು ಮಾಡ್ಯಾನೆ. ಮೇಲೆ ಹೋಗ್ರಿ. ಉಳಿದ ಶಿಫ್ಟು ನೀವು ಮುಗಿಸ್ರಿ" ಎಂದರು.

ಕೆಮಿಸ್ಟ್ ಆದವನು ವಾಲ್ವ್ ಹಿಡಿದು ನಿಲ್ಲುವ ಪದ್ಧತಿ ಯಾವ ಕಾರ್ಖಾನೆಯಲ್ಲೂ ಇರಲಿಲ್ಲ. ನಾನು ಹತ್ತಿದೆ. ಹತ್ತು ಗಂಟೆಯಿಂದ ಎರಡರವರೆಗೆ ಆ ಚಕ್ರದ ಮುಂದೆ ನಿಂತೆ. ಕಬ್ಬಿಣ ಬೆಚ್ಚಗಿತ್ತು. ಮುಳ್ಳು ಕೂದಲೆಳೆಯಷ್ಟು ಇಳಿದರೆ ಬಿಡಬೇಕು, ಏರಿದರೆ ಮುಚ್ಚಬೇಕು. ಕಣ್ಣು ಪಿಳುಕಿಸಲೂ ಭಯ. ಇದೇ ಜಾಗದಲ್ಲಿ ನಿಂತ ಮನುಷ್ಯನಿಗೆ ನಾನು ಕೆಳಗಿನಿಂದ 'ಬೇಗ' ಎಂದು ಕೂಗಿದ್ದೆ. ಕೆಳಗೆ ನೆರಳಿನಲ್ಲಿ ಮೇಸ್ತ್ರಿ ಹಾಲೇಶನ ಜೊತೆ ಮಂಡಕ್ಕಿ ತಿನ್ನುತ್ತಾ ಏನೋ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಾಲೇಶ ನಕ್ಕದ್ದು ಕೇಳಿಸಿತು.

ಎರಡರ ಗಂಟೆ ಹೊಡೆದಾಗ ಮೇಸ್ತ್ರಿ ಮೇಲೆ ಬಂದರು. ಮುಳ್ಳನ್ನು ನೋಡಿದರು. ಬೆವರಿನಲ್ಲಿ ತೊಯ್ದ ನನ್ನ ಅಂಗಿಯನ್ನು ನೋಡಿದರು.

"ನಾಳೆನೂ ಬರ್ರಿ" ಎಂದರು.